ಕೋರ್ಟು ಕಳಿಸಿದ ವಿಶೇಷ ತರಬೇತಿ

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸಾಗಿಸುವ ಕೆಲಸಕ್ಕೆ ಇಳಿದವನಿಗೆ ಬೇರೆಯವರ ಪೇಚಾಟದಲ್ಲಿ ಒಂದು ಪಾಲು ತಾನಾಗಿಯೇ ಬಂದು ಸೇರುತ್ತದೆ. ಬೇಡ ಎಂದರೂ ಬಿಡುವುದಿಲ್ಲ. ದೋಹಾದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಬೇಡ ಎನ್ನುವುದನ್ನೇ ನಿಲ್ಲಿಸಿದ್ದೇನೆ.

೧. ಅನುಭವ ಇಲ್ಲದವನೇ ಬೇಕು

ದೋಹಾದ ಅಂಚಿನ ಮುಐದರ್ ಬಡಾವಣೆಯಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್ ಇದೆ. ವೀಸಾದ ಅರ್ಜಿ, ಬಾಡಿಗೆ ಕರಾರು, ಕೆಲಸಕ್ಕೆ ಕರೆಸಿಕೊಂಡ ಧಣಿ ಕಫೀಲನ ಮೇಲಿನ ದೂರು, ಹೀಗೆ ಜನ ಬಾಯಲ್ಲಿ ಹೇಳಿದ್ದನ್ನು ಅರಬಿಯಲ್ಲಿ ಬಡಿದು ಕೊಡುವುದು ನನ್ನ ಹೊಟ್ಟೆಪಾಡು. ನಾನು ಕರಾವಳಿಯ ಬ್ಯಾರಿ. ಮನೆಯಲ್ಲಿ ಬ್ಯಾರಿ ಮಾತು, ಅಂಗಡಿಯಲ್ಲಿ ಹಿಂದಿ, ಮಲಯಾಳಂ, ಅರಬಿ. ಕನ್ನಡ ಮಾತಾಡಲು ಯಾರಾದರೂ ಸಿಕ್ಕಿದರೆ ಅವರಿಗೊಂದು ಚಹಾ ಹೆಚ್ಚು ತರಿಸುತ್ತೇನೆ.

ಒಂದು ದಿನ ಒಂದು ಚಿಕಿತ್ಸಾ ಕೇಂದ್ರದಿಂದ ಫೋನು ಬಂತು. ವಾರಕ್ಕೊಮ್ಮೆ ಕನ್ನಡಕ್ಕೂ ಅರಬಿಗೂ ದುಭಾಷಿ ಬೇಕಂತೆ. ಸಕ್ಕರೆ ಕಾಯಿಲೆ, ಬಿಪಿ, ಅಂಥದ್ದೇನೋ ಇರಬಹುದೆಂದು ಒಪ್ಪಿಕೊಂಡೆ. ಅಲ್ ರಯ್ಯಾನಿನ ಆ ಕೇಂದ್ರಕ್ಕೆ ಹೋಗಿ ಕೂತ ಮೇಲೆ ಗೊತ್ತಾಯಿತು, ಅದು ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವರನ್ನು ಕೋರ್ಟು ಕಳಿಸುವ ಕ್ಲಾಸು. ನಡೆಸುವವರು ಸುಡಾನಿನ ಒಬ್ಬ ಡಾಕ್ಟರು. ಸೀರೆಯ ಹಾಗೆ ಬಿಳಿ ತೋಬು ಸುತ್ತಿದ, ಎಂದೂ ದನಿ ಏರಿಸದ ಹೆಂಗಸು. ನಗುವುದು ಅವರ ಅಭ್ಯಾಸದಲ್ಲಿ ಇದ್ದಂತೆ ಕಾಣಲಿಲ್ಲ.

ಈ ವಿಷಯದಲ್ಲಿ ನಿನಗೆ ಏನಾದರೂ ಅನುಭವ ಇದೆಯೇ ಎಂದು ಕೇಳಿದರು. ಅರಬಿಯಲ್ಲಿ ಮಾಫಿ, ಇಲ್ಲವೇ ಇಲ್ಲ, ಒಂದು ತೊಟ್ಟಿನದೂ ಇಲ್ಲ ಎಂದೆ. ಹಾಗಾದರೆ ನೀನೇ ಸರಿ, ಅನುಭವ ಇರುವವರು ನಡುವೆ ತಮ್ಮದನ್ನೂ ಸೇರಿಸುತ್ತಾರೆ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, ಹೋಗುವುದಾದರೆ ಹೋಗಿ, ಬಂದಾಗ ಬಾಗಿಲಲ್ಲಿ ನಿಂತು ಒಮ್ಮೆ ಊದಿ ಒಳಗೆ ಬನ್ನಿ ಎಂದಳು.

೨. ತಾಲೂಕಿನ ಇತ್ಯರ್ಥ

ಇಲ್ಲಿ ಕುಡಿದು ಗಾಡಿ ಓಡಿಸುವುದು ಹುಡುಗಾಟದ ಮಾತಲ್ಲ. ಜೈಲು ಇದೆ, ಲೈಸೆನ್ಸು ಹೋಗುತ್ತದೆ, ಊರಿನ ವಿಮಾನ ಹತ್ತಿಸುವುದೂ ಉಂಟು. ನನ್ನ ಕ್ಲಾಸಿಗೆ ಬಂದ ಇಬ್ಬರು ಕನ್ನಡದವರ ಅದೃಷ್ಟ ಚೆನ್ನಾಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಮೊದಲ ಸಲದ ತಪ್ಪು. ಒಂದು ಕ್ಲಾಸನ್ನೂ ತಪ್ಪಿಸದೆ ಮುಗಿಸಿ, ಡಾಕ್ಟರು ಹೇಳಿದ ಚಿಕಿತ್ಸೆ ತೆಗೆದುಕೊಂಡು, ಕೊನೆಗೆ ಮನೆಯವರ ಎದುರು ಒಂದು ದಿನ ಕೂತು ಬಂದರೆ ಇಲ್ಲೇ ಇರಬಹುದು ಎಂದು ನ್ಯಾಯಾಧೀಶರು ಹೇಳಿದ್ದರು.

ಒಬ್ಬ ಬಾಗಲಕೋಟೆ ಕಡೆಯ ಫೋರ್ಮನ್, ಕಟ್ಟಡದ ಕಂಪನಿಯವನು. ಹೊಳೆಯುವ ತಲೆ, ದಪ್ಪ ಮೀಸೆ, ಕೂತಲ್ಲೇ ಕುಗ್ಗಿಹೋಗಿದ್ದ. ಇನ್ನೊಬ್ಬರು ಮಂಗಳೂರಿನ ಒಬ್ಬ ಮ್ಯಾನೇಜರು. ಕೋಟು ಹಾಕಿಕೊಂಡು ಬಂದು, ತಾನಿಲ್ಲಿ ಇರುವುದೇ ಒಂದು ತಪ್ಪು ತಿಳುವಳಿಕೆಯಿಂದ ಎಂದು ಬಾಗಿಲಲ್ಲೇ ಹೇಳಿದರು.

ನಿಮ್ಮ ಬಗ್ಗೆ ಹೇಳಿ, ಇಲ್ಲಿಗೆ ಯಾಕೆ ಬಂದಿರೆಂದು ಹೇಳಿ, ಎಂದರು ಡಾಕ್ಟರು. ನಾನು ಕನ್ನಡದಲ್ಲಿ ಹೇಳಿದೆ. ಫೋರ್ಮನ್ ಗಂಟಲು ಸರಿಮಾಡಿಕೊಂಡು ಮ್ಯಾನೇಜರ ಕಡೆ ತಿರುಗಿ, "ಸರ್ ತಾವು ಯಾವೂರಿನವ್ರು?" ಎಂದ. ಅವರು ಹೇಳಿದರು. ಇವನು ಅಲ್ಲಿಗೆ ಒಮ್ಮೆ ಮೀನು ತಿನ್ನಲು ಹೋಗಿದ್ದನಂತೆ. ಇವನ ಊರು ಯಾವುದು, ಯಾವ ತಾಲೂಕು, ಈಗ ತಾಲೂಕು ಬದಲಾಗಿದೆಯೋ ಇಲ್ಲವೋ, ಅಲ್ಲಿಯ ಹೈಸ್ಕೂಲಿನಲ್ಲಿ ಮ್ಯಾನೇಜರ ಭಾವ ಮೇಷ್ಟರಾಗಿದ್ದರಂತೆ, ಇವನು ಅವರ ಕೈಯಲ್ಲೇ ಪೆಟ್ಟು ತಿಂದಿದ್ದನಂತೆ. ಡಾಕ್ಟರು ಪೆನ್ನು ಹಿಡಿದು ಕಾದರು. ಇಷ್ಟೆಲ್ಲ ಹೇಳಿದರಲ್ಲ, ಆ ರಾತ್ರಿಯ ಬಗ್ಗೆ ಏನೆಂದರು ಎಂದು ನನ್ನನ್ನು ಕೇಳಿದರು.

ಅಲ್ಲಿಗೆ ಇನ್ನೂ ಬಂದಿಲ್ಲ ಡಾಕ್ಟರ್, ಸದ್ಯ ತಾಲೂಕಿನ ಇತ್ಯರ್ಥ ನಡೆಯುತ್ತಿದೆ ಎಂದೆ. ಮುಂದಿನ ವಾರ ಡಾಕ್ಟರು ಒಳಗೆ ಬಂದವರೇ ಕುರ್ಚಿ ಎಳೆದು ಕೂತು, ತಮ್ಮ ಸುಡಾನಿನ ನಾಲಿಗೆಯಲ್ಲಿ "ಯಾವೂರು?" ಎಂದು ಶುರು ಮಾಡಿದರು. ಬೇಗ ಮುಗಿಯಲಿ ಎಂದು.

೩. ಕೊಟ್ಟವರ ಕೈ

ಎಷ್ಟು ಕುಡಿದಿದ್ದಿರಿ ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಟ್ಟರು: ಸ್ವಲ್ಪ. ಡಾಕ್ಟರು ವಾದಕ್ಕೆ ಹೋಗಲಿಲ್ಲ. ಮೇಜಿನ ಮೇಲೆ ಒಂದು ಜಗ್ಗು ನೀರು, ಕೆಲವು ಗ್ಲಾಸು ಇಟ್ಟು, ಆ ದಿನ ಕುಡಿದಷ್ಟನ್ನು ಹಾಕಿ ತೋರಿಸಿ ಎಂದು ಫೋರ್ಮನ್‌ಗೆ ಹೇಳಿದರು.

ಅವನು ಎದ್ದು ಜಗ್ಗು ಹಿಡಿದ. ಮೊದಲು ಡಾಕ್ಟರಿಗೆ ಒಂದು ಗ್ಲಾಸು ಹಾಕಿದ. ಆಮೇಲೆ ನನಗೆ, ಆಮೇಲೆ ಮ್ಯಾನೇಜರಿಗೆ. ಕೊನೆಗೆ ಜಗ್ಗಿನ ತಳದಲ್ಲಿ ಉಳಿದದ್ದನ್ನು ತನಗೆ ಬಗ್ಗಿಸಿಕೊಂಡ. ನಿಮ್ಮದು ಮಾತ್ರ ಹಾಕಿ ಮಾರಾಯ್ರೆ ಎಂದೆ. "ಒಬ್ಬನ ಹಾಕ್ಕೊಂಡು ಕುಡಿಯೋ ರೂಢಿ ನಮಗಿಲ್ರಿ ಸಾಹೇಬ್ರ" ಎಂದ.

ಬೇರೆಯವರು ಹಾಕಿಕೊಟ್ಟರೆ ಬೇಡ ಎನ್ನುತ್ತೀರಾ ಎಂದು ಡಾಕ್ಟರು ಕೇಳಿದರು. ಕೊಟ್ಟವರ ಕೈ ಹಾಗೆಯೇ ತಿರುಗಿಸುವುದು ಹೇಗೆ ಎಂದು ಅವನು ನಿಜವಾಗಿ ಆಶ್ಚರ್ಯಪಟ್ಟ. ಆಗ ಕಥೆ ಹೊರಗೆ ಬಂತು. ಜೊತೆಗಾರನೊಬ್ಬ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಹೋಟೆಲೊಂದರಲ್ಲಿ ಬೀಳ್ಕೊಡುಗೆ. ಪ್ರತಿಯೊಬ್ಬರೂ ಒಂದೊಂದು ಹಾಕಿಕೊಟ್ಟರು, ಇವನು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಕಾರು ಇದ್ದದ್ದು ಇವನ ಹತ್ತಿರ, ಆದ್ದರಿಂದ ಎಲ್ಲರನ್ನೂ ಬಿಟ್ಟು ಬರುವ ಹೊಣೆಯೂ ಇವನದೇ. ಎಲ್ಲರನ್ನೂ ಬಿಟ್ಟ. ತಿರುಗಿ ಬರುವಾಗ ಕಾರು ರೌಂಡಬೌಟಿನ ಮೇಲೆಯೇ ಏರಿ ಒಂದು ಖರ್ಜೂರದ ಗಿಡಕ್ಕೆ ಗುದ್ದಿ ನಿಂತಿತು.

ಪ್ರತಿ ಶುಕ್ರವಾರ ಬಸ್ಸು ಹಿಡಿದು ಹೋಗಿ ಆ ಗಿಡ ಬದುಕಿದೆಯಾ ಎಂದು ನೋಡಿಕೊಂಡು ಬರುತ್ತಾನಂತೆ. ಬಾಟಲಿಯಲ್ಲಿ ನೀರು ಬೇರೆ ಒಯ್ಯುತ್ತಾನೆ. ಬಲದಿಯಾದವರು, ಮುನಿಸಿಪಾಲಿಟಿಯವರು, ಪೈಪು ಹಾಕಿ ನೀರು ಬಿಟ್ಟೇ ಇದ್ದಾರಲ್ಲ ಎಂದೆ. ಅವನು ಹೇಳಿದ: "ನಾ ಗುದ್ದಿದ್ನಲ್ಲ, ಆ ಹೊತ್ತಿಗೆ ಅಲ್ಲಿ ಶಿಫ್ಟ್ ಮುಗಿಸಿದ ಮಂದಿ ರಸ್ತೆ ದಾಟ್ತಿರ್ತಾರ್ರಿ. ನನ್ನ ಹುಡುಗ್ರ ಅವ್ರು. ಗಿಡದ ಜಾಗಾದಾಗ ಅವ್ರು ಯಾರರ ಇದ್ದಿದ್ರ?" ಅದನ್ನು ಅರಬಿಯಲ್ಲಿ ಹೇಳಿದೆ. ಮ್ಯಾನೇಜರು ಕೋಟಿನ ಗುಂಡಿ ನೋಡುತ್ತ ಕೂತರು.

ಬೇಡ ಎನ್ನುವುದನ್ನು ಕಲಿಯುವುದೇ ನಿಮ್ಮ ಮೊದಲ ಔಷಧಿ ಎಂದು ಡಾಕ್ಟರು ಇನ್ನೊಂದು ಜಗ್ಗು ತರಿಸಿದರು. ತಾವೇ ಗ್ಲಾಸಿಗೆ ನೀರು ಹಾಕಿ ಅವನ ಮುಂದೆ ಹಿಡಿಯುವುದು, ಅವನು ಬೇಡ ಎನ್ನುವುದು, ಇದು ಅಭ್ಯಾಸ. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ. ಮತ್ತೆ ಹಿಡಿದರು, ಮತ್ತೆ ಕುಡಿದ. ಡಾಕ್ಟರ್ ಬಾಯಾರು ತಾವಾಗಿ ಕೊಡುವಾಗ ಹೇಗೆ ಬೇಡ ಎನ್ನುವುದು ಎಂದು ನನಗೇ ಬುದ್ಧಿ ಹೇಳಿದ. ಜಗ್ಗು ಖಾಲಿಯಾಗುವ ಹೊತ್ತಿಗೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೊನೆಗೂ "ಬ್ಯಾಡ್ರಿ" ಎಂದ. ಡಾಕ್ಟರು ಪಾಸು ಎಂದು ಬರೆದುಕೊಂಡರು. ಅವನು ಅದನ್ನು ನೋಡಲು ಅಲ್ಲಿರಲಿಲ್ಲ, ಪಾಯಿಖಾನೆಗೆ ಓಡಿದ್ದ.

೪. ನೆಟ್ಟಗೆ ನಡೆದವನು

ಕೇಂದ್ರದಲ್ಲಿ ಒಂದು ಕನ್ನಡಕ ಇತ್ತು. ಹಾಕಿಕೊಂಡರೆ ಕುಡಿದವರಿಗೆ ಜಗತ್ತು ಕಾಣುವ ಹಾಗೆ ನಮಗೂ ಕಾಣುತ್ತದೆ. ನೆಲದ ಮೇಲೆ ಅಂಟಿಸಿದ ಪಟ್ಟಿಯ ಮೇಲೆ ನಡೆಯಬೇಕು. ಪಟ್ಟಿ ಕ್ಲಾಸಿನಿಂದ ಹೊರಟು ಮುಂಬಾಗಿಲ ಹಜಾರದವರೆಗೆ ಹೋಗುತ್ತಿತ್ತು. ಮೊದಲು ದುಭಾಷಿ ನಡೆಯಲಿ, ಆಗ ಸರಿಯಾಗಿ ವಿವರಿಸಬಹುದು ಎಂದರು ಡಾಕ್ಟರು.

ನಾನು ಹಾಕಿಕೊಂಡೆ. ನೆಲ ಒಂದು ಕಡೆ ಹೋಯಿತು, ಕಾಲು ಇನ್ನೊಂದು ಕಡೆ ಹೋಯಿತು. ಕೈ ಅಗಲಿಸಿಕೊಂಡು, ಗೋಡೆಗೆ ಸಲಾಂ ಹೊಡೆದು, ಹಜಾರದವರೆಗೂ ತೇಲುತ್ತ ಹೋಗಿ ಕೊನೆಗೆ ಕುಡಿಯುವ ನೀರಿನ ಯಂತ್ರವನ್ನು ತಬ್ಬಿ ನಿಂತೆ. ಹಿಂದಿನಿಂದ ಫೋರ್ಮನ್ ಮ್ಯಾನೇಜರಿಗೆ ಸಮಾಧಾನವಾಗಿ ಹೇಳುತ್ತಿದ್ದ, "ಹೊಸಬ್ರು ಹಿಂಗ ಸರ್."

ಮುಂದಿನ ಸರದಿ ಅವನದು. ಕನ್ನಡಕ ಹಾಕಿ, ಮೀಸೆ ನೀವಿಕೊಂಡು, ಪಟ್ಟಿಯ ಮೇಲೆ ಒಂದು ಹೆಜ್ಜೆಯೂ ತಪ್ಪದೆ ಹೋಗಿ ಬಂದ. ಮುಖದಲ್ಲಿ ಫಸ್ಟ್ ಕ್ಲಾಸು ಬಂದ ಹುಡುಗನ ಕಳೆ. ಡಾಕ್ಟರು ಮಾತ್ರ ಚಿಂತೆಯಿಂದ ತಲೆಯಾಡಿಸಿದರು. ಬಿದ್ದವನಿಂದ ಯಾರಿಗೂ ಅಪಾಯವಿಲ್ಲ, ಅವನನ್ನು ಯಾರಾದರೂ ಎತ್ತಿ ಮಲಗಿಸುತ್ತಾರೆ. ತಲೆ ತಿರುಗುವಾಗಲೂ ನೆಟ್ಟಗೆ ನಡೆಯಲು ಕಲಿತವನೇ ಕಾರಿನ ಕೀಲಿಗೆ ಕೈ ಹಾಕುವುದು, ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಫೋರ್ಮನ್ ಮೀಸೆಯಿಂದ ಕೈ ತೆಗೆದ.

ಇದಕ್ಕೂ ಮೊದಲು, ಯಂತ್ರ ತಬ್ಬಿಕೊಂಡೇ ಕನ್ನಡಕ ತೆಗೆದಾಗ, ನಾನು ಮುಂಬಾಗಿಲ ಗಾಜಿನ ಕಡೆ ನೋಡಿದ್ದೆ. ಪಕ್ಕದ ಹಲ್ಲಿನ ಕ್ಲಿನಿಕ್ಕಿಗೆ ಬಂದಿದ್ದ ನಮ್ಮ ಊರಿನ ಹಾಜಿಯವರ ಅಳಿಯ, ದವಡೆಗೆ ಕೈ ಹಿಡಿದುಕೊಂಡು ಹೊರಗೆ ನಿಂತಿದ್ದ. ನನ್ನನ್ನು, ನಾನು ತಬ್ಬಿದ ಯಂತ್ರವನ್ನು, ಮೇಲಿದ್ದ ಕೇಂದ್ರದ ಬೋರ್ಡನ್ನು, ಮೂರನ್ನೂ ನಿಧಾನವಾಗಿ ನೋಡಿದ. ಹಲ್ಲು ನೋವು ಅಲ್ಲಿಗೆ ಬಿಟ್ಟುಹೋದಂತೆ ಮನೆಗೆ ಓಡಿದ.

೫. ಹಾಜಿಯವರ ಕರುಣೆ

ನಮ್ಮ ಹಾಜಿಯವರು ಮುಶೈರಿಬ್ ಪೇಟೆಯ ಹಳೆಯ ವ್ಯಾಪಾರಿ. ಗಲ್ಲಿಗಳನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವುದಕ್ಕಿಂತ ಎಷ್ಟೋ ಮೊದಲೇ ಅಲ್ಲಿ ಬಟ್ಟೆ ಅಂಗಡಿ ಇಟ್ಟವರು. ಊರಿನ ಹುಡುಗರ ಮದುವೆ, ಜಗಳ, ಕೆಲಸ, ಎಲ್ಲ ಅವರ ಮುಂದೆಯೇ ತೀರ್ಮಾನ ಆಗಬೇಕು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದವನನ್ನು ಮನೆಗೆ ಕರೆದರು. ಬಿರಿಯಾನಿ ತಿನ್ನಿಸಿದರು. ಬೈಯುವುದಾದರೆ ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ನನ್ನ ತಲೆ ಸವರಿದರು. ಅದು ಇನ್ನೂ ಕಷ್ಟ.

ಯಾರು ಬರುತ್ತಾರೆ, ಏನು ನಡೆಯುತ್ತದೆ ಎಂದು ಹೊರಗೆ ಬಾಯಿಬಿಡಬಾರದು ಎಂಬುದು ಕೇಂದ್ರದ ಕಟ್ಟುನಿಟ್ಟು. ಈಗ ನಾನಿದನ್ನು ಹೇಳುತ್ತಿರುವುದೂ ಸಂಬಂಧಪಟ್ಟವರು ಧಾರಾಳವಾಗಿ ಹೇಳಿ ಎಂದ ಮೇಲೆ. ಅಂದು ಹಾಜಿಯವರಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು, ನಾನು ಅಲ್ಲಿಗೆ ಹೋಗುವುದು ಬೇರೆಯವರಿಗೋಸ್ಕರ.

"ಶುರುವಿನಲ್ಲಿ ಎಲ್ಲರೂ ಹಾಗೇ ಹೇಳುವುದು ಮೋನೇ" ಎಂದರು ಹಾಜಿಯವರು, ಮಗನಿಗೆ ಹೇಳುವಂತೆ. ಹಿಂದಿನ ವಾರ ಮ್ಯಾನೇಜರಿಗೆ ಡಾಕ್ಟರು ಹೇಳಿದ್ದೂ ಇದನ್ನೇ, ಅರಬಿಯಿಂದ ಕನ್ನಡಕ್ಕೆ ತಂದವನು ನಾನೇ.

ಒಬ್ಬನೇ ಹೋಗಬೇಡ, ಜೊತೆಗೆ ನಾನಿದ್ದೇನೆ ಎಂದು ಅವರು ಮುಂದಿನ ವಾರದಿಂದ ತಸ್ಬೀಹು ಮಣಿ ಹಿಡಿದು ಕೇಂದ್ರದ ಹಜಾರದಲ್ಲಿ ಬಂದು ಕೂರತೊಡಗಿದರು. ಒಂದು ಡಬ್ಬಿ ಖರ್ಜೂರ ತಂದು ಒಳಗೆ ಹೋಗುವವರಿಗೆಲ್ಲ ಹಂಚಿದರು. ಫೋರ್ಮನ್ ಖರ್ಜೂರ ಕಂಡದ್ದೇ ತಲೆ ತಗ್ಗಿಸಿ, "ಬ್ಯಾಡ್ರಿ" ಎಂದ. ಕಲಿತ ಪಾಠ ಅಷ್ಟು ಚೆನ್ನಾಗಿ ಎಂದೂ ಒಪ್ಪಿಸಿರಲಿಲ್ಲ. ಕೊನೆಗೆ ಡಾಕ್ಟರೇ ಹೊರಗೆ ಬಂದು ಇವನು ರೋಗಿಯಲ್ಲ, ನಮ್ಮ ದುಭಾಷಿ ಎಂದು ಹಾಜಿಯವರಿಗೆ ಅರಬಿಯಲ್ಲಿ ಬಿಡಿಸಿ ಹೇಳಿದರು. ಹಾಜಿಯವರು ಎದೆಯ ಮೇಲೆ ಕೈಯಿಟ್ಟು, ಎಂಥಾ ಒಳ್ಳೆಯ ಹೆಂಗಸು, ನಿನ್ನ ಮಾನ ಉಳಿಸಲು ಸುಳ್ಳು ಕೂಡ ಹೇಳಿದಳು ಎಂದರು.

೬. ಗುರುವಾರದ ರೊಟ್ಟಿ

ಕ್ಲಾಸು ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ. ವಾರದ ಕೆಲಸ ಮುಗಿಯುವ ಗುರುವಾರ ಸಂಜೆಯೇ ನಿಮಗೆ ಕಷ್ಟದ ಹೊತ್ತು, ಆಗ ಕೈಗೆ ಬೇರೆ ಕೆಲಸ ಕೊಡಿ ಎಂದು ಡಾಕ್ಟರು ಫೋರ್ಮನ್‌ಗೆ ಹೇಳಿದರು. ಅವನು ಯೋಚಿಸಿ, ಊರಿನಿಂದ ಬಂದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕೂತ. ಅವನ ಕಂಪನಿಯ ಕೆಲಸಗಾರರು ಇರುವ ಕ್ಯಾಂಪಿನ ಅಡುಗೆಮನೆಯಲ್ಲಿ ಬಡಿಯುವ ಸದ್ದು ಕೇಳಿ ಮೊದಲು ಸೆಕ್ಯುರಿಟಿಯವನು ಓಡಿಬಂದ. ಆಮೇಲೆ ಅವನೂ ತಟ್ಟೆ ಹಿಡಿದು ಕೂತ. ಮಲಯಾಳಿಗಳು, ನೇಪಾಳಿಗಳು, ಎಲ್ಲರೂ ಗುರುವಾರಕ್ಕೆ ಕಾಯುವ ಹಾಗಾಯಿತು.

ಒಂದು ಗುರುವಾರ ನಾನೂ ಹೋಗಿದ್ದೆ. ಬಾಗಿಲಲ್ಲಿ ಕೋಟು ಹಾಕಿದ ಮ್ಯಾನೇಜರು ನಿಂತಿದ್ದರು. ಹೆಂಡತಿ ಮಕ್ಕಳು ಊರಿಗೆ ಹೋಗಿದ್ದಾರಂತೆ, ಸಂಜೆ ಫ್ಲಾಟಿನಲ್ಲಿ ಕೂರಲು ಆಗುವುದಿಲ್ಲವಂತೆ. ಕೋಟು ಬಿಚ್ಚಿಟ್ಟು ನೆಲದ ಮೇಲೆ ಕೂತು, ಎಣ್ಣೆಗಾಯಿ ಬಡಿಸಿಕೊಂಡು, ಯಾರೂ ಪ್ರಶ್ನೆ ಹಾಕದಿದ್ದರೂ ತಾವಾಗಿ ಹೇಳಿದರು: "ತಪ್ಪು ತಿಳುವಳಿಕೆ ಎಂತದ್ದೂ ಇಲ್ಲ ಮಾರಾಯ್ರೆ. ಕುಡಿದದ್ದು ನಾನೇ."

ಎಷ್ಟೋ ವಾರ ಡಾಕ್ಟರು ಕೇಳಿ ಕೇಳಿ ಸೋತದ್ದನ್ನು ಎರಡು ರೊಟ್ಟಿ ಹೊರಗೆ ತಂದಿದ್ದವು. ಫೋರ್ಮನ್ ತಲೆ ಎತ್ತದೆ, "ಅದು ನಮಗ ಮೊದಲ ದಿನಾನ ಗೊತ್ತಿತ್ರಿ ಸರ್, ಇನ್ನೊಂದು ರೊಟ್ಟಿ ಹಾಕ್ಲಿ?" ಎಂದ.

೭. ನಮ್ಮೂರ ಹೆಮ್ಮೆಯ ಸುಪುತ್ರ

ಇನ್ನು ಉಳಿದದ್ದು ಮನೆಯವರ ಎದುರು ಕೂರುವ ದಿನ. ಫೋರ್ಮನ್ ಬಾಡಿದ ಮುಖ ಹೊತ್ತು ನನ್ನ ಅಂಗಡಿಗೆ ಬಂದ. ಹೆಂಡತಿಗೆ ಅವನು ನಿಜ ಹೇಳಿರಲಿಲ್ಲ. ವಾರವಾರ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ ಟ್ರೈನಿಂಗು ಎಂದಿದ್ದನಂತೆ. ಯಾರ ಟ್ರೈನಿಂಗು? ಸರ್ಕಾರದ್ದು. ಎಲ್ಲರಿಗೂ ಇದೆಯಾ? ಇಲ್ಲ, ಆರಿಸಿದವರಿಗೆ ಮಾತ್ರ. ಒಂದೊಂದು ಮಾತೂ ಲೆಕ್ಕಕ್ಕೆ ಸುಳ್ಳಲ್ಲ ಎಂದು ಅವನ ಸಮಾಧಾನ.

ಆ ಸಮಾಧಾನ ಹೋದದ್ದು ಊರಿನಿಂದ ಮೊಬೈಲಿಗೆ ಬಂದ ಫೋಟೋದಿಂದ. ನನಗೂ ತೋರಿಸಿದ. ಆಳೆತ್ತರದ ಫ್ಲೆಕ್ಸು. ನಡುವೆ ಇವನ ಮುಖ, ಯಾರದೋ ಕೋಟಿಗೆ ಅಂಟಿಸಿದ್ದು. ಹಿಂದೆ ದೋಹಾದ ಎತ್ತರದ ಕಟ್ಟಡಗಳು, ಒಂದು ಗಿಡುಗ. "ಕತಾರ್ ಸರ್ಕಾರದ ವಿಶೇಷ ತರಬೇತಿಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಸುಪುತ್ರನಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ತಲೆಗಳ ಸಾಲು. ಕಟ್ಟಿದ್ದು ಬಸ್ ಸ್ಟ್ಯಾಂಡಿನಲ್ಲಿ, ಬ್ರಾಂಡಿ ಅಂಗಡಿಯ ಎದುರಿಗೇ.

"ಯಾರು ಕಟ್ಸಿದ್ರೋ ಗೊತ್ತಿಲ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಈಗ ನಿಜ ಹೇಳಿದರೆ ಆಕೆಗೆ ಊರಿನಲ್ಲಿ ತಲೆ ಎತ್ತಲಾಗದು, ಹೇಳದಿದ್ದರೆ ಕೋರ್ಟು ಒಪ್ಪದು. ಡಾಕ್ಟರಿಗೆ ಫೋಟೋ ತೋರಿಸಿ ನಾನು ಅಕ್ಷರ ಅಕ್ಷರ ಅರಬಿಗೆ ತಂದು ಹೇಳಿದೆ. ಅವರು ಬಹಳ ಹೊತ್ತು ನೋಡಿ, ಕೆಳಗಿನ ಈ ತಲೆಗಳು ಯಾರು, ಇವರೂ ನನ್ನ ಕ್ಲಾಸಿಗೆ ಬರುವವರೇ ಎಂದು ಕೇಳಿದರು.

೮. ಆಯ್ಕೆಯ ವಿಧಾನ

ಆ ದಿನ ಫೋರ್ಮನ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಡಾಕ್ಟರು ಮೊಬೈಲನ್ನು ಮೇಜಿಗೆ ಒರಗಿಸಿ ವೀಡಿಯೋ ಕಾಲು ಹಚ್ಚಿದರು. ಊರಿನ ಮನೆಯ ಮಾಳಿಗೆಯ ಮೇಲೆ ಆಕೆ ಒಬ್ಬಳೇ ಕೂತಿದ್ದಳು, ತಲೆಯ ಮೇಲೆ ಸೆರಗು. ನನ್ನನ್ನು ಅಣ್ಣಾರ ಎಂದು ಕರೆದು ನಮಸ್ಕಾರ ಹೇಳಿದಳು. ಡಾಕ್ಟರು ಸನ್ನೆ ಮಾಡಿದರು, ಹೇಳಬೇಕಾದವನು ಅವನೇ.

ಅವನು ಹೇಳಿದ. ಬೀಳ್ಕೊಡುಗೆ, ಗ್ಲಾಸುಗಳು, ಗಿಡ, ಪೊಲೀಸು, ಕೋರ್ಟು, ಯಾವುದನ್ನೂ ಬಿಡಲಿಲ್ಲ. ರಸ್ತೆ ದಾಟುವ ಹುಡುಗರ ಮಾತು ಬಂದಾಗ ಅವನ ದನಿ ಒಡೆಯಿತು. ಟ್ರೈನಿಂಗ್ ಅಂತ ಹೇಳಿದ್ದು ಸುಳ್ಳು ಎಂದ. ಆಮೇಲೆ ಕೈಮುಗಿದುಕೊಂಡು ಕೂತ. ನಾನು ಅರಬಿ ಹೇಳುವುದನ್ನೇ ಮರೆತಿದ್ದೆ, ಡಾಕ್ಟರೂ ಕೇಳಲಿಲ್ಲ.

"ಗೊತ್ತಿತ್ರಿ" ಎಂದಳು ಆಕೆ.

ಮೊದಲೆಲ್ಲ ಸಂಜೆ ಕಾರಿನಲ್ಲಿ ಕೂತು ಫೋನು ಮಾಡುತ್ತಿದ್ದವನು ಈಗ ಮಾಡಿದರೆ ಹಿಂದೆ ಬಸ್ಸಿನ ಸ್ಟಾಪು ಕೂಗುವುದು ಕೇಳುತ್ತಿತ್ತಂತೆ. ಕಾರು ಎಲ್ಲಿ ಎಂದರೆ ರಿಪೇರಿಗೆ ಬಿಟ್ಟಿದ್ದೇನೆ ಎನ್ನುತ್ತಿದ್ದ. ಇಷ್ಟು ತಿಂಗಳು ರಿಪೇರಿ ಆಗುವುದು ಕಾರೋ, ವಿಮಾನವೋ? ಅದಕ್ಕಿಂತ ಹೆಚ್ಚಾಗಿ, ಗುರುವಾರ ಬಂತೆಂದರೆ ಫೋನಿನಲ್ಲಿ ಪ್ರೀತಿ ಉಕ್ಕಿ ಹಾಡು ಹೇಳುತ್ತಿದ್ದ ಮನುಷ್ಯ, ಈಗ ಗುರುವಾರವೂ ರೊಟ್ಟಿ ಗುಂಡಗೆ ಬಂತೋ ಇಲ್ಲವೋ ಎಂದು ಮಾತಾಡುತ್ತಿದ್ದ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಹಂಗಾರ ಆ ಫ್ಲೆಕ್ಸು?" ಎಂದ ಅವನು.

"ನಾನ ಕಟ್ಸೀನಿ. ಊರ ಮುಂದ ನಿಮ್ಮ ಮಾರಿ ಹಚ್ಚಿದ್ರ ನಡುವ ಬಿಟ್ಟು ಬರಾಕ ಆಗಂಗಿಲ್ಲಂತ. ಬ್ರಾಂಡಿ ಅಂಗಡಿ ಎದುರಿಗೇ ಕಟ್ರಿ ಅಂತ ಹೇಳಿದಾಕಿನೂ ನಾನ. ರಜಾಕ್ಕ ಬಂದಾಗ ಒಳಗ ಹೋಗಬೇಕಂದ್ರ ನಿಮ್ಮ ಮಾರಿ ನೀವ ನೋಡ್ಕೊಂಡು ಹೋಗ್ರಿ."

ಫೋರ್ಮನ್ ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು. ನಾನೀಗ ಎಲ್ಲವನ್ನೂ ಸೇರಿಸಿ ಡಾಕ್ಟರಿಗೆ ಹೇಳಿದೆ. ಅವರು ಕೇಳುತ್ತ ಕೇಳುತ್ತ ತೋಬಿನ ಅಂಚಿನಿಂದ ಬಾಯಿ ಮುಚ್ಚಿಕೊಂಡರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಿಮ್ಮ ಗಂಡ ಕ್ಲಾಸು ಮುಗಿಸಿದ್ದಾರೆಂದು ಕೋರ್ಟಿಗೆ ಬರೆಯುತ್ತೇನೆ ಎಂದು ಆಕೆಗೆ ತಿಳಿಸಲು ಹೇಳಿದರು. ತಿಳಿಸಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೋನು ಇಡುವ ಹೊತ್ತಿಗೆ ಆಕೆಗೆ ಏನೋ ನೆನಪಾಯಿತು. "ಅಣ್ಣಾರ, ಡಾಕ್ಟರ್ ಬಾಯಾರಿಗೆ ಒಂದ್ ಮಾತು ಕೇಳ್ರಿ. ನಮ್ಮ ಸಂಘದ ಹೆಣ್ಮಕ್ಳು ದಿನಾ ಫ್ಲೆಕ್ಸ್ ನೋಡಿ ನನಗ ಕೇಳಾಕತ್ತಾರ. ಅವ್ರ ಗಂಡಂದಿರೂ ಈ ಟ್ರೈನಿಂಗಿಗೆ ಆಯ್ಕಿ ಆಗಬೇಕಂದ್ರ ಏನ್ ಮಾಡಬೇಕಂತ್ರಿ?"

ನಾನು ಅರಬಿಯಲ್ಲಿ ಕೇಳಿದೆ. ಡಾಕ್ಟರು ಫೋರ್ಮನ್ ಕಡೆ ನೋಡಿದರು. ಅವನು ಮೂಗು ಒರೆಸಿಕೊಂಡು, ಎಷ್ಟೋ ತಿಂಗಳ ಮೇಲೆ ಮೀಸೆಗೆ ಕೈ ಹಾಕಿ, ಮೊಬೈಲಿನ ಕಡೆ ಬಗ್ಗಿದ.

"ಮೊದಲ ಊರಾಗ ಒಂದು ಖರ್ಜೂರದ ಗಿಡ ಹಚ್ಚಬೇಕಾಗ್ತದ ಅಂತ ಹೇಳ."